ಸಹಾಯ ಬೇಕು: ಧ್ಯಾನಕ್ಕೆ ಕೂತಾಗ ಅಳು ಬಂದರೆ ಏನು ಮಾಡುತ್ತೀರಿ?

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಬೇಗ ಎದ್ದು ಜಪ, ಧ್ಯಾನ ಮಾಡುವ ರೂಢಿ ನನಗಿದೆ. ಶಿಸ್ತಿಗೇನೂ ಕೊರತೆ ಇಲ್ಲ, ಅಲಾರಂ ಇಲ್ಲದೆಯೂ ಎಚ್ಚರ ಆಗುತ್ತದೆ. ಆದರೆ ಅಪ್ಪ ತೀರಿಕೊಂಡ ಮೇಲೆ ಕಣ್ಣು ಮುಚ್ಚಿದ ಕೂಡಲೇ ಗಂಟಲು ಬಿಗಿಯುತ್ತದೆ. ಬೆರಳು ಜಪಮಣಿಯ ಮೇಲೆ ಹಾಗೇ ನಿಂತುಬಿಡುತ್ತದೆ, ಎಣಿಕೆ ತಪ್ಪುತ್ತದೆ.

ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಹೊರಬಿಟ್ಟರೆ ಎದೆಬಡಿತ ತಗ್ಗುತ್ತದೆ, ನಿಜ. ಆದರೆ ಆ ಕ್ಷಣಕ್ಕೆ ದುಃಖವನ್ನು ಸುಮ್ನೆ ಅದುಮಿಟ್ಟ ಹಾಗೆ ಅನಿಸುತ್ತದೆ. ಸಂಜೆ ಅದೇ ಸಿಡುಕಾಗಿ ಹೊರಗೆ ಬರುತ್ತದೆ.

ಸಮಯ ಮುಗಿಯುವವರೆಗೂ ಏಳಬೇಡ ಅನ್ನುವವರಿದ್ದಾರೆ. ಭಾವವೇ ಮುಖ್ಯ, ಎಣಿಕೆ ಬಿಟ್ಟುಬಿಡು ಅನ್ನುವವರೂ ಇದ್ದಾರೆ. ಎರಡೂ ನನಗೆ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ. ನಿಯಮ ಬಿಟ್ಟರೆ ದಿನವೇ ಸಡಿಲವಾಗುತ್ತದೆ, ಹಿಡಿದರೆ ಕಲ್ಲಾಗುತ್ತೇನೇನೋ ಅನ್ನುವ ಭಯ.

ಇಂಥ ದಿನಗಳನ್ನು ದಾಟಿದವರು ಇಲ್ಲಿ ಇರುತ್ತೀರಿ, ಅಲ್ವಾ? ಅಳು ಬಂದಾಗ ಎದ್ದುಬಿಡುತ್ತಿದ್ದಿರಾ, ಅಳುತ್ತಲೇ ಕೂತಿರುತ್ತಿದ್ದಿರಾ? ಹೊತ್ತು ಕಡಿಮೆ ಮಾಡಿಕೊಂಡಿರಾ? ಕೂರುವ ಮುಂಚೆ ಸ್ವಲ್ಪ ನಡೆದರೆ, ಬರೆದರೆ ಹಗುರ ಆಗುತ್ತದಾ? ನೀವು ಮಾಡಿ ನೋಡಿದ್ದನ್ನೇ ಹೇಳಿ. ‘ಕಾಲವೇ ಎಲ್ಲ ಮರೆಸುತ್ತದೆ’ ಅನ್ನುವ ಮಾತು ಮಾತ್ರ ದಯವಿಟ್ಟು ಬೇಡ, ಅದನ್ನು ಈಗಾಗಲೇ ಜಾಸ್ತಿ ಕೇಳಿದ್ದೇನೆ.