ಲೀಡ್ಸ್‌ನ ಮ್ಯಾಕರೋನಿ, ಶಿರಸಿಯ ಜಾಯಿಕಾಯಿ

(ಗುಂಪು: ಹಳೇಮನೆ ಬಳಗ)

ನಾನು: [ಫೋಟೋ]
ಇವತ್ತಿನ ರಾತ್ರಿ ಊಟ. ಮ್ಯಾಕರೋನಿ ಚೀಸ್, ಪಕ್ಕದಲ್ಲಿ ಬೇಯಿಸಿದ ಬಟಾಣಿ. ಸಾಸ್ ಸೇರಿ ಎಲ್ಲ ನಾನೇ ಮಾಡಿದ್ದು. ಸಾಸ್‌ಗೆ ತುರಿದು ಹಾಕಿದ್ದು ನಮ್ಮ ತೋಟದ ಜಾಯಿಕಾಯಿ.

ಕುಮಟಾ ಅತ್ತೆ: ಚೆಂದ ಬಂದಿದೆ ತಂಗಿ. ಮೇಲೆ ಕೆಂಪಗಾದದ್ದು ಏನು?

ನಾನು: ಬ್ರೆಡ್ ಪುಡಿ ಅತ್ತೆ. ಓವನ್‌ನಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಹಾಗೆ ಗರಿಗರಿಯಾಗುತ್ತದೆ.

ದೊಡ್ಡಪ್ಪ: ಇದು ತಿಂಡಿ. ಊಟ ಎಲ್ಲಿ?

ನಾನು: ಇದೇ ಊಟ ದೊಡ್ಡಪ್ಪ. ಹೆಚ್ಚಿನ ದಿನ ಅನ್ನ ಸಾರೇ ಮಾಡುತ್ತೇನೆ. ಶನಿವಾರ ಮಾತ್ರ ಇಲ್ಲಿ ಇಂಗ್ಲೆಂಡಿನವರ ಮನೆ ಅಡುಗೆ.

ದೊಡ್ಡಪ್ಪ: ಅಕ್ಕಿ ಸಿಗುತ್ತದೆ, ಬೇಳೆ ಸಿಗುತ್ತದೆ ಅಂತ ನೀನೇ ಹೇಳಿದ್ದೆ. ಮತ್ತೆ ಈ ಮೈದಾ, ಬೆಣ್ಣೆ, ಚೀಸ್ ಯಾಕೆ? ಉಪ್ಪೂ ಜಾಸ್ತಿ, ಕೊಬ್ಬೂ ಜಾಸ್ತಿ. ನಾಲಿಗೆಗೆ ಒಮ್ಮೆ ರೂಢಿಯಾದರೆ ಬಿಡುವುದಿಲ್ಲ.

ಕಾರವಾರ ಮಾವ: ಭಾವ, ಮ್ಯಾಕರೋನಿ ಮೈದಾದ್ದಲ್ಲ. ಒಳ್ಳೆಯದನ್ನು ಡ್ಯೂರಮ್ ಗೋಧಿಯ ರವೆಯಿಂದ ಮಾಡುತ್ತಾರೆ. ನಾವು ಉಪ್ಪಿಟ್ಟಿಗೆ ತರುವ ಬನ್ಸಿ ರವೆಯೂ ಅದೇ ಜಾತಿಯ ಗೋಧಿ. ಅದಕ್ಕೇ ಬೆಂದರೂ ಮುದ್ದೆಯಾಗುವುದಿಲ್ಲ.

ನಾನು: ಹೌದು ಮಾವ. ಮೈದಾ ಇರುವುದು ಸಾಸ್‌ನಲ್ಲಿ ಮಾತ್ರ, ಇಬ್ಬರಿಗೆ 30 ಗ್ರಾಂ. ಆದರೆ ಉಪ್ಪು, ಕೊಬ್ಬಿನ ಮಾತು ದೊಡ್ಡಪ್ಪ ಹೇಳಿದ್ದು ಸರಿ. ಇದಕ್ಕೆ ಹಾಕುವ ಚೆಡ್ಡರ್ ಚೀಸ್‌ನಲ್ಲಿ ಮೂರನೇ ಒಂದು ಭಾಗ ಕೊಬ್ಬೇ ಇರುತ್ತದೆ. 100 ಗ್ರಾಂಗೆ ಸುಮಾರು 1.8 ಗ್ರಾಂ ಉಪ್ಪು. ಅದಕ್ಕೇ ದಿನಾ ಮಾಡುವುದಿಲ್ಲ. ಅದರಲ್ಲಿ 25 ಗ್ರಾಂನಷ್ಟು ಪ್ರೋಟೀನ್ ಕೂಡ ಇದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕುಮಟಾ ಅತ್ತೆ: ತಂಗಿ, ಒಂದು ಕೇಳಬೇಕಿತ್ತು. ಚೀಸ್ ಮಾಡಲು ಕರುವಿನ ಹೊಟ್ಟೆಯದ್ದೇನೋ ಹಾಕುತ್ತಾರಂತೆ. ನಿಜವಾ? ನಿಜವಾದರೆ ನಮ್ಮ ಮನೆಯವರು ತಿನ್ನಬಾರದು. ರುಚಿಯ ಮಾತು ಬೇರೆ, ಇದು ಬೇರೆ.

ದೊಡ್ಡಪ್ಪ: ಇದಕ್ಕೆ ಉತ್ತರ ಬೇಕು.

ನಾನು: ಕೊಡುತ್ತೇನೆ ದೊಡ್ಡಪ್ಪ. ಇಲ್ಲಿಗೆ ಬಂದ ಹೊಸದರಲ್ಲಿ ನಾನು ಮೊದಲು ವಿಚಾರಿಸಿದ್ದೇ ಇದನ್ನು.

ಹಾಲು ಗಟ್ಟಿಯಾಗಲಿ ಅಂತ ರೆನ್ನೆಟ್ ಹಾಕುತ್ತಾರೆ. ಹಳೇ ಪದ್ಧತಿಯಲ್ಲಿ ಅದು ಹಾಲು ಕುಡಿಯುವ ಕರುವಿನ ನಾಲ್ಕನೇ ಹೊಟ್ಟೆಯಿಂದ ಬಂದದ್ದು. ಕರುವನ್ನು ಕೊಂದ ಮೇಲೇ ಸಿಗುವಂಥದ್ದು. ಅತ್ತೆ ಕೇಳಿದ್ದು ನಿಜ. ಅದರಲ್ಲಿ ಕೆಲಸ ಮಾಡುವ ಕಿಣ್ವದ ಹೆಸರು ಕೈಮೋಸಿನ್. ಈಗ ಅದೇ ಕಿಣ್ವವನ್ನು ಶಿಲೀಂಧ್ರ, ಯೀಸ್ಟ್‌ನಂಥ ಸೂಕ್ಷ್ಮಜೀವಿಗಳಿಂದ ತಯಾರಿಸುತ್ತಾರೆ. ಹೀಗೆ ಸೂಕ್ಷ್ಮಜೀವಿಗಳಿಂದ ಮಾಡಿದ್ದಕ್ಕೆ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ್ದು 1990ರಲ್ಲಿ. ಆಮೇಲೆ ಬೇರೆ ಕಡೆಯೂ ಬಳಕೆಗೆ ಬಂತು. ಇಲ್ಲಿಯ ಅಂಗಡಿಗಳಲ್ಲಿ ಎಷ್ಟೋ ಚೆಡ್ಡರ್ ಪ್ಯಾಕೆಟ್‌ಗಳ ಮೇಲೆ ‘ಸಸ್ಯಾಹಾರಿಗಳಿಗೆ ಸೂಕ್ತ’ ಅಂತ ಬರೆದಿರುತ್ತದೆ. ಆ ಸಾಲು ಇಲ್ಲದಿದ್ದರೆ ನಾನು ಮುಟ್ಟುವುದಿಲ್ಲ.

ಪಾರ್ಮಿಜಾನೊ ರೆಜ್ಜಾನೊ ಅಂತ ಇಟಲಿಯ ಚೀಸ್ ಇದೆ. ಅದಂತೂ ಯಾವತ್ತೂ ಬೇಡ. ಕರುವಿನ ರೆನ್ನೆಟ್ಟೇ ಹಾಕಬೇಕು ಅಂತ ಅದಕ್ಕೆ ನಿಯಮವೇ ಇದೆ. ಹೋಟೆಲಿನಲ್ಲಿ ತರಕಾರಿ ಪಾಸ್ತಾ ಅಂತ ಕೊಟ್ಟರೂ ಮೇಲೆ ಅದನ್ನೇ ಉದುರಿಸಿರಬಹುದು. ಚೀಸ್ ಟೋಸ್ಟ್ ಮೇಲೆ ವೂಸ್ಟರ್ ಸಾಸ್ ಹಾಕುವ ರೂಢಿಯೂ ಇದೆ. ಅದರಲ್ಲಿ ಆಂಚೊವಿ ಅನ್ನುವ ಮೀನು ಇರುತ್ತದೆ. ಹೊರಗೆ ತಿಂದರೆ ಇದೆಲ್ಲ ನಮಗೆ ಗೊತ್ತೇ ಆಗುವುದಿಲ್ಲ. ಸ್ವಂತ ಕೈಯಲ್ಲಿ ಮಾಡಿಕೊಂಡರೆ ಏನು ಹಾಕಿದೆ ಅಂತ ಗೊತ್ತಿರುತ್ತದೆ. ಇಲ್ಲಿಯವರ ಅಡುಗೆ ಕಲಿಯಲು ನನಗೆ ಇದೇ ದೊಡ್ಡ ಕಾರಣ.

ಕುಮಟಾ ಅತ್ತೆ: ಪ್ಯಾಕೆಟ್ ಫೋಟೋ ಹಾಕು.

ನಾನು: [ಫೋಟೋ]

ಕುಮಟಾ ಅತ್ತೆ: ಓದಿದೆ. ನನಗೆ ಸಮಾಧಾನ ಆಯಿತು.

ನ್ಯೂಜೆರ್ಸಿ ಅಣ್ಣ: ಈಗ ನೋಡಿದೆ. ಇದಕ್ಕೆ ಇಷ್ಟು ಕಷ್ಟ ಯಾಕೆ ತಂಗಿ? ಇಲ್ಲಿ ಡಬ್ಬದಲ್ಲೇ ಬರುತ್ತದೆ. ಮ್ಯಾಕರೋನಿ ಬೇಯಿಸು, ಚೀಸ್ ಪುಡಿ, ಹಾಲು, ಬೆಣ್ಣೆ ಕಲಸು. ಹತ್ತೇ ನಿಮಿಷ. 1937ರಿಂದ ಅಮೆರಿಕದ ಮನೆಗಳಲ್ಲಿ ಇದೆ. ಕೆಲಸ ಇಲ್ಲದ ಆ ಕೆಟ್ಟ ಕಾಲದಲ್ಲಿ ಎಷ್ಟೋ ಸಂಸಾರಗಳ ಹೊಟ್ಟೆ ತುಂಬಿಸಿದ ಊಟ ಅದು. ನಮ್ಮ ಮಕ್ಕಳಿಗೂ ಅದೇ ಇಷ್ಟ.

ನಾನು: ಅಣ್ಣ, ನಿಮ್ಮ ಡಬ್ಬದ ಹಿಂದೆ ಏನು ಬರೆದಿದೆ, ಒಮ್ಮೆ ನೋಡು. ರೆನ್ನೆಟ್ ಯಾವುದು ಅಂತ ಇದೆಯಾ?

ನ್ಯೂಜೆರ್ಸಿ ಅಣ್ಣ: ‘ಎನ್‌ಜೈಮ್ಸ್’ ಅಂತ ಮಾತ್ರ ಇದೆ.

ನಾನು: ಅಲ್ಲಿಯ ನಿಯಮದಲ್ಲಿ ಅಷ್ಟು ಬರೆದರೆ ಸಾಕು. ಪ್ರಾಣಿಯದ್ದಾ, ಶಿಲೀಂಧ್ರದ್ದಾ ಅಂತ ತಿಳಿಯುವುದಿಲ್ಲ. ಕಂಪನಿಗೆ ಬರೆದು ಕೇಳಬೇಕು, ಇಲ್ಲಾ ಸಸ್ಯಾಹಾರಿ ಗುರುತು ಇರುವುದನ್ನೇ ಹುಡುಕಬೇಕು.

ದೊಡ್ಡಪ್ಪ: ಇಷ್ಟು ವರ್ಷ ಇದನ್ನು ನೋಡಿರಲಿಲ್ಲವಾ ನೀನು?

ನ್ಯೂಜೆರ್ಸಿ ಅಣ್ಣ: ಕೇಳಿ ನೋಡುತ್ತೇನೆ ಅಪ್ಪಯ್ಯ. ಆದರೆ ತಂಗಿ, ಕೆಲಸ ಮುಗಿಸಿ ಏಳು ಗಂಟೆಗೆ ಮನೆಗೆ ಬಂದವರಿಗೆ ವೈಟ್ ಸಾಸ್ ಮಾಡು ಅಂದರೆ ಹೇಗೆ? ಅದು ಗಂಟು ಗಂಟಾಗುತ್ತದೆ. ನಿಮ್ಮ ಅತ್ತಿಗೆ ಮಾಡಿ ಬಿಟ್ಟಿದ್ದಾಳೆ. ದಣಿದವರಿಗೆ ಡಬ್ಬ ತಪ್ಪಲ್ಲ.

ನಾನು: ದಣಿದ ದಿನ ಬೇಡವೇ ಬೇಡ, ಅವಲಕ್ಕಿ ಮೊಸರು ತಿನ್ನಿ. ಆದರೆ ಗಂಟಾಗದ ಹಾಗೆ ಮಾಡುವುದು ಕಷ್ಟ ಅಲ್ಲ. ಅತ್ತಿಗೆಗೆ ತೋರಿಸು, ಇಬ್ಬರಿಗಾಗುವ ಲೆಕ್ಕ ಬರೆಯುತ್ತೇನೆ.

ಬೆಣ್ಣೆ 30 ಗ್ರಾಂ, ಮೈದಾ 30 ಗ್ರಾಂ, ಹಾಲು ಅರ್ಧ ಲೀಟರಿಗೆ ಸ್ವಲ್ಪ ಕಡಿಮೆ, ಚೆಡ್ಡರ್ 150 ಗ್ರಾಂ, ಮ್ಯಾಕರೋನಿ 200 ಗ್ರಾಂ. ಸಣ್ಣ ಉರಿಯಲ್ಲಿ ಬೆಣ್ಣೆ ಕರಗಿಸಿ ಮೈದಾ ಹಾಕಿ, ಹಸಿ ವಾಸನೆ ಹೋಗುವವರೆಗೆ ಹುರಿಯಬೇಕು. ಕೆಂಪಾಗಬಾರದು. ಬೆಣ್ಣೆಯ ಜಿಡ್ಡು ಹಿಟ್ಟಿನ ಪ್ರತಿ ಕಣವನ್ನೂ ಸುತ್ತಿಕೊಳ್ಳುತ್ತದೆ. ಆಗ ಕಣಗಳು ಒಂದಕ್ಕೊಂದು ಅಂಟುವುದಿಲ್ಲ. ಹಿಟ್ಟನ್ನು ನೇರ ಬಿಸಿ ಹಾಲಿಗೆ ಸುರಿದರೆ ಹೊರಗಿನ ಪದರ ಕೂಡಲೇ ಬೆಂದು ಬಿಗಿಯುತ್ತದೆ, ಒಳಗೆ ಒಣ ಹಿಟ್ಟು ಹಾಗೇ ಉಳಿಯುತ್ತದೆ. ಗಂಟು ಅಂದರೆ ಅದೇ.

ಹಾಲನ್ನು ಮೊದಲು ಸ್ವಲ್ಪ ಮಾತ್ರ ಹಾಕಿ ಚೆನ್ನಾಗಿ ತಿರುವಬೇಕು. ಮುದ್ದೆ ನುಣ್ಣಗಾದ ಮೇಲೆ ಇನ್ನಷ್ಟು. ಹೀಗೇ ಪೂರ್ತಿ ಹಾಲು. ಕುದಿ ಬಂದು ಚಮಚದ ಬೆನ್ನಿಗೆ ಅಂಟುವಷ್ಟು ದಪ್ಪ ಆದರೆ ಉರಿ ಆರಿಸಿ. ಚೀಸ್ ಹಾಕುವುದು ಆಮೇಲೆ. ಕುದಿಯುವ ಸಾಸ್‌ಗೆ ಹಾಕಿದರೆ ಚೀಸ್ ಒಡೆಯುತ್ತದೆ, ಎಣ್ಣೆ ಬೇರೆ, ಗಟ್ಟಿ ಬೇರೆ ಆಗಿಬಿಡುತ್ತದೆ. ತುರಿದು ಪ್ಯಾಕ್ ಮಾಡಿದ ಚೀಸ್ ತರಬೇಡಿ. ಅಂಟದಿರಲಿ ಅಂತ ಅದಕ್ಕೆ ಪಿಷ್ಟ ಸವರಿರುತ್ತಾರೆ, ನುಣ್ಣಗೆ ಕರಗುವುದಿಲ್ಲ. ಕೊನೆಗೆ ಅರ್ಧ ಚಮಚ ಸಾಸಿವೆ ಪೇಸ್ಟ್, ಕಾಳುಮೆಣಸಿನ ಪುಡಿ, ಒಂದು ಚಿಟಿಕೆ ಜಾಯಿಕಾಯಿ. ಜಾಯಿಕಾಯಿ ಚಿಟಿಕೆ ಮೀರಬಾರದು, ಅದು ಆಯಿಗೆ ಹೇಳಿಕೊಡಬೇಕಾಗಿಲ್ಲ.

ಆಯಿ: ಮಕ್ಕಳಿಗೆ ತೇಯ್ದು ಕೊಡುವಾಗ ಎರಡು ಸುತ್ತು ಸಾಕು ಅನ್ನುತ್ತಿದ್ದರು ಅಮ್ಮಮ್ಮ. ಖಾಲಿಯಾದರೆ ಹೇಳು, ಈ ಸಲ ಕಾಯಿ ಚೆನ್ನಾಗಿದೆ. ತುಪ್ಪವನ್ನೂ ಕಳಿಸಲಾ?

ನಾನು: ಜಾಯಿಕಾಯಿ ಇನ್ನೂ ಇದೆ ಆಯಿ. ತುಪ್ಪ ಬೇಡ. ಭಾರತದಿಂದ ಹಾಲಿನ ಪದಾರ್ಥ ಏನೂ ಇಲ್ಲಿಗೆ ತರುವಂತಿಲ್ಲ, ಹಿಡಿದರೆ ಬಿಸಾಡುತ್ತಾರೆ. ಇಲ್ಲಿಯ ಬೆಣ್ಣೆಯನ್ನೇ ಕಾಯಿಸಿಕೊಳ್ಳುತ್ತೇನೆ.

ಕಾರವಾರ ಮಾವ: ಕಾಳುಮೆಣಸೂ ಮನೆಯದ್ದೇನಾ? ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದರು. ನಮ್ಮ ಜಿಲ್ಲೆಯ ಮೆಣಸು ಯುರೋಪಿನ ಅಡುಗೆಮನೆಗೆ ಹೋಗುವುದು ಹೊಸತಲ್ಲ.

ದೊಡ್ಡಪ್ಪ: ಮೆಣಸು ಹೋಯಿತು, ಸರಿ. ನಮ್ಮ ಮನೆ ಮಕ್ಕಳೂ ಹೋಗಿ ಅಲ್ಲಿಯವರೇ ಆಗಿಬಿಡಬೇಕಾ? ನನ್ನ ಚಿಂತೆ ಚೀಸ್‌ನದ್ದಲ್ಲ. ಹೋದ ಬೇಸಿಗೆಯಲ್ಲಿ ಮೊಮ್ಮಕ್ಕಳು ಬಂದಿದ್ದರು. ಮಾವಿನಕಾಯಿಯ ಅಪ್ಪೆಹುಳಿ ಬಾಯಿಗೆ ಇಡಲಿಲ್ಲ. ತಂಬುಳಿ ನೋಡಿ ಮುಖ ತಿರುಗಿಸಿದರು. ಅಜ್ಜಿ ಎರಡು ದಿನ ಅದನ್ನೇ ಹೇಳಿಕೊಂಡಳು. ಮೊದಲು ವಾರಕ್ಕೊಂದು ದಿನ ಅಂತ ಶುರುವಾಗುತ್ತದೆ. ಆಮೇಲೆ ಅನ್ನವೇ ವಾರಕ್ಕೊಂದು ದಿನ ಆಗುತ್ತದೆ. ಇದು ಕಣ್ಣಾರೆ ಕಂಡದ್ದು.

ಕಾರವಾರ ಮಾವ: ಭಾವ, ಬಟಾಟೆ, ಮೆಣಸಿನಕಾಯಿ, ಗೇರು ಎಲ್ಲ ಹೊರಗಿನಿಂದ ಬಂದವೇ ಅಲ್ವಾ?

ದೊಡ್ಡಪ್ಪ: ಬಂದವು. ಆದರೆ ಅವು ನಮ್ಮ ಒಲೆಗೆ ಬಂದು ನಮ್ಮ ಹದಕ್ಕೆ ಬೆಂದವು. ಇಲ್ಲಿ ನಾವೇ ಅವರ ಒಲೆ ಮುಂದೆ ನಿಂತಿದ್ದೇವೆ. ಎರಡೂ ಒಂದೇ ಅಲ್ಲ.

ನಾನು: ಈ ಮಾತನ್ನು ನಾನು ಒಪ್ಪುತ್ತೇನೆ ದೊಡ್ಡಪ್ಪ. ಎರಡೂ ಒಂದೇ ಅಲ್ಲ. ಆದರೆ ನನ್ನದೂ ಒಂದು ಮಾತು ಕೇಳಿ.

ನಮ್ಮ ಮನೆಯಲ್ಲಿ ಅಡುಗೆ ಶುರುವಾಗುವುದೇ ಹಿತ್ತಿಲಿನಲ್ಲಿ. ಮಳೆ ಬಿದ್ದರೆ ಒಂದೆಲಗ, ಕೆಸುವಿನ ಸೊಪ್ಪು. ಬೇಸಿಗೆಯಲ್ಲಿ ಮಾವಿನ ಮಿಡಿ, ಹಲಸು. ಯಾವ ಚಿಗುರು ಕಂಡರೂ ಅಮ್ಮಮ್ಮ ತಂಬುಳಿ ಮಾಡುತ್ತಿದ್ದರು. ಪೇಟೆಯಿಂದ ತಂದು ಮಾಡಿದ್ದು ಕಡಿಮೆ. ಸುತ್ತ ಏನು ಬೆಳೆಯುತ್ತದೆ ನೋಡು, ಅದನ್ನು ಹೇಗೆ ತಿನ್ನಬೇಕು ಅಂತ ತಿಳಿ. ಅವರಿಂದ ನಾನು ಕಲಿತದ್ದು ಇದನ್ನು. ಲೀಡ್ಸ್‌ನಲ್ಲಿ ಸುತ್ತ ಇರುವುದು ಬಟಾಟೆ, ಕೋಸು, ಲೀಕ್, ಓಟ್ಸ್, ಹಾಲು, ಚೀಸ್. ಇಂಡಿಯನ್ ಅಂಗಡಿಯಲ್ಲಿ ತೆಂಗಿನಕಾಯಿ ಸಿಗುತ್ತದೆ. ಆದರೆ ಎಷ್ಟೋ ಸಲ ಒಡೆದರೆ ಒಳಗೆ ಕಮಟು ವಾಸನೆ. ಅದನ್ನು ಹಾಕಿ ನಮ್ಮ ಮೊಸರಿನ ಸಾಸಿವೆ ಗೊಜ್ಜು ಮಾಡಿದರೆ ನಾನೇ ನಮ್ಮ ಅಡುಗೆಯನ್ನು ಕೆಡಿಸಿದ ಹಾಗೆ. ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕೂಗಿ ಇಡೀ ಮನೆಯವರು ಹೊರಗೆ ಬರುತ್ತಾರೆ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಆ ಚಳಿಗೆ ಇಲ್ಲಿಯವರು ಓವನ್‌ನಲ್ಲಿ ಬಟಾಟೆ, ಮ್ಯಾಕರೋನಿ ಇಟ್ಟು ಅಡುಗೆಮನೆ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಈ ಮನೆಯಲ್ಲಿ ನಾವು ನಾಲ್ಕು ಊರಿನ ಹುಡುಗಿಯರು. ಬೇರೆ ದಿನ ಒಬ್ಬೊಬ್ಬರೂ ಕೋಣೆಯಲ್ಲಿ ತಟ್ಟೆ ಹಿಡಿದು ಕೂರುತ್ತೇವೆ. ಶನಿವಾರ ಮಾತ್ರ ಒಂದೇ ಮೇಜಿಗೆ ಬರುತ್ತೇವೆ. ನನಗೆ ಅದು ಬೇಕು.

ಅಪ್ಪೆಹುಳಿ ನನಗೆ ಬರುತ್ತದೆ, ಏಕೆಂದರೆ ಆಯಿ ಒಲೆಯ ಹತ್ತಿರ ನಿಲ್ಲಿಸಿಕೊಂಡು ಕಲಿಸಿದಳು. ಮ್ಯಾಕರೋನಿ ತಿಂದರೆ ಅದು ಮರೆತು ಹೋಗುವುದಿಲ್ಲ.

ನ್ಯೂಜೆರ್ಸಿ ಅಣ್ಣ: ಮಕ್ಕಳ ವಿಷಯ ನನಗೂ ಬೇಜಾರಿದೆ ಅಪ್ಪಯ್ಯ. ಅವರನ್ನು ಅಡುಗೆಮನೆಗೆ ಕರೆದದ್ದೇ ಕಡಿಮೆ. ಸಾಸ್ ಮಾಡುವುದಾದರೆ ಅವರ ಕೈಯಲ್ಲೇ ತಿರುವಿಸುತ್ತೇವೆ. ಇನ್ನೊಂದು ದಿನ ತಂಬುಳಿಗೆ ಮಜ್ಜಿಗೆಯನ್ನೂ ಅವರೇ ಕಡೆಯಲಿ.

ದೊಡ್ಡಪ್ಪ: ಮಾಡಿದರೆ ಫೋಟೋ ಹಾಕು. ತಂಬುಳಿಯದ್ದು.

ಯಲ್ಲಾಪುರ ತಮ್ಮ: ಅಕ್ಕಾ, ನಾನು ಸೆಪ್ಟೆಂಬರಿಗೆ ಡಬ್ಲಿನ್‌ಗೆ ಹೊರಟವನು. ನನಗೆ ಅನ್ನ ಬಿಟ್ಟು ಏನೂ ಬರುವುದಿಲ್ಲ. ಎಲ್ಲಕ್ಕಿಂತ ಸುಲಭದ್ದು ಒಂದು ಹೇಳು.

ನಾನು: ಓವನ್ ಬಟಾಟೆ. ಐರ್ಲೆಂಡಿನಲ್ಲಿ ರೂಸ್ಟರ್ ಅನ್ನುವ ಕೆಂಪು ಸಿಪ್ಪೆಯ ಬಟಾಟೆ ಎಲ್ಲ ಕಡೆ ಸಿಗುತ್ತದೆ, ಹಿಟ್ಟು ಹಿಟ್ಟಾಗಿ ಬೇಯುತ್ತದೆ. ದೊಡ್ಡದು ಆರಿಸು. ತೊಳೆದು ಪೂರ್ತಿ ಒರೆಸು. ಫೋರ್ಕಿನಿಂದ ಚುಚ್ಚು, ಇಲ್ಲದಿದ್ದರೆ ಒಳಗಿನ ಹಬೆಗೆ ಸಿಡಿಯಬಹುದು. ಎಣ್ಣೆ ಉಪ್ಪು ಸವರಿ 200 ಡಿಗ್ರಿಯಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಇಡು. ಫ್ಯಾನ್ ಇರುವ ಓವನ್ ಆದರೆ 180 ಸಾಕು. ಸೀಳಿ ಬೆಣ್ಣೆ ಹಾಕು, ಮೇಲೆ ಟೊಮೆಟೊ ಸಾಸ್‌ನ ಬೇಕ್ಡ್ ಬೀನ್ಸ್. ಡಬ್ಬದಲ್ಲಿ ಮಾಂಸದ ತುಂಡು ಹಾಕಿದ ಬಗೆಯೂ ಬರುತ್ತದೆ, ಓದಿ ತಗೋ. ಅಲ್ಲಿ ಕಲಿಯಬೇಕಾದ ಇನ್ನೊಂದು ಕೋಲ್‌ಕ್ಯಾನನ್. ಬೇಯಿಸಿದ ಬಟಾಟೆ ಹಿಸುಕಿ, ಕೋಸು, ಹಾಲು, ಬೆಣ್ಣೆ ಸೇರಿಸುವುದು. ನಿನಗೆ ಒಗ್ಗುತ್ತದೆ.

ಯಲ್ಲಾಪುರ ತಮ್ಮ: ಅದಕ್ಕೆ ಮಿಡಿ ಉಪ್ಪಿನಕಾಯಿ ನಂಜಿಕೊಳ್ಳಬಹುದಾ?

ನಾನು: ಧಾರಾಳವಾಗಿ. ಹೋಗುವಾಗ ಒಂದು ಭರಣಿ ತಗೊಂಡು ಹೋಗು.

ಕುಮಟಾ ಅತ್ತೆ: ತಂಗಿ, ನಾಳೆ ನಾನೂ ಈ ಮ್ಯಾಕರೋನಿ ಮಾಡುತ್ತೇನೆ. ಓವನ್ ಇಲ್ಲ. ಇಲ್ಲಿ ಸಿಗುವ ಚೀಸ್ ಆಗುತ್ತದಾ?

ನಾನು: ಓವನ್ ಬೇಡ ಅತ್ತೆ, ಒಲೆಯ ಮೇಲೇ ಮುಗಿಸಬಹುದು. ಬ್ರೆಡ್ ಪುಡಿ ಬೇರೆ ಬಾಣಲೆಯಲ್ಲಿ ಬೆಣ್ಣೆ ಹಾಕಿ ಹುರಿದು ಮೇಲೆ ಉದುರಿಸಿ. ಇಲ್ಲಿಯ ಚೆಡ್ಡರ್ ಬೇರೆ, ಅಲ್ಲಿ ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ ಗಟ್ಟಿ ತುಂಡು ಪ್ರೊಸೆಸ್ಡ್ ಚೀಸ್. ಅದು ಒಡೆಯದೆ ಕರಗುತ್ತದೆ, ಹುಳಿ ಕಡಿಮೆ, ಉಪ್ಪು ಜಾಸ್ತಿ. ಆದ್ದರಿಂದ ಸಾಸ್‌ಗೆ ಉಪ್ಪು ಹಾಕಲೇಬೇಡಿ, ಸಾಸಿವೆ ಸ್ವಲ್ಪ ಜಾಸ್ತಿ ಇರಲಿ. ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿಕೊಳ್ಳಿ.

ದೊಡ್ಡಪ್ಪ: ನಾಳೆ ನಾನು ಕುಮಟೆಗೆ ಬರುವವನಿದ್ದೇನೆ. ಮಧ್ಯಾಹ್ನಕ್ಕೆ ಅನ್ನ ಸಾರು ಇರಲಿ. ಇದನ್ನು ಸಂಜೆ ಮಾಡು, ತಿಂದು ನೋಡುತ್ತೇನೆ.