ಮೆಗ್ನೀಸಿಯಂ ಅರ್ಧ ಹೀರಿ ನಿಂತುಬಿಡುವುದೇಕೆ?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಮೆಗ್ನೀಸಿಯಂ ಪುಡಿಗೆ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೈಡ್ರೋಜನ್ ಹೀರಿಸುತ್ತಿದ್ದೇನೆ. ಲೆಕ್ಕದ ಪ್ರಕಾರ ತೂಕದ ಶೇ. 7.6ರಷ್ಟು ಹಿಡಿಯಬೇಕು, ಅರ್ಧಕ್ಕೇ ನಿಲ್ಲುತ್ತದೆ. ಒತ್ತಡ ಹೆಚ್ಚಿಸಿದರೆ ಇನ್ನೂ ಬೇಗ ನಿಲ್ಲುತ್ತದೆ! ನಿಕ್ಕಲ್ ಬೆರೆಸಲೇ?

ಉತ್ತರ (ಲೋಹಶಾಸ್ತ್ರ ಎಂಜಿನಿಯರ್): ಉಪಕರಣವನ್ನು ದೂರುವ ಮೊದಲು ಕಣದ ಒಳಗನ್ನು ನೋಡಿ. ಮೇಲ್ಮೈಯಲ್ಲಿ ಹುಟ್ಟಿದ ಹೈಡ್ರೈಡ್ (ಲೋಹ ಮತ್ತು ಹೈಡ್ರೋಜನ್ ಸೇರಿದ ಸಂಯುಕ್ತ) ಮೊಳಕೆಗಳು ಅಗಲವಾಗುತ್ತಾ ಒಂದಕ್ಕೊಂದು ಕೂಡಿಕೊಂಡು ಚಿಪ್ಪಾಗುತ್ತವೆ. ಲೋಹದಲ್ಲಿ ಸಲೀಸಾಗಿ ಓಡಾಡುವ ಹೈಡ್ರೋಜನ್ ಪರಮಾಣು ಹೈಡ್ರೈಡ್‌ನಲ್ಲಿ ತೆವಳುತ್ತದೆ. ಒತ್ತಡ ಹೆಚ್ಚಿದಷ್ಟೂ ಮೊಳಕೆಗಳು ಹೆಚ್ಚು, ಬಾಗಿಲು ಮುಚ್ಚುವುದೂ ಬೇಗ. ನಿಮ್ಮ ಎರಡನೆಯ ಗಮನಿಕೆಗೆ ಇದೇ ಕಾರಣ, ಮತ್ತು ಅದು ಬಹಳ ಒಳ್ಳೆಯ ಗಮನಿಕೆ. ಕಣವನ್ನು ಅಡ್ಡಕೊಯ್ದು ನಯಗೊಳಿಸಿ ನೋಡಿದರೆ ಸುತ್ತ ಮಸುಕು ಪಟ್ಟಿ, ನಡುವೆ ಹೊಳೆಯುವ ಲೋಹದ ತಿರುಳು ಕಾಣುತ್ತದೆ. ನಯಗೊಳಿಸುವಾಗ ನೀರು ತಾಗಿಸಬೇಡಿ, ಹೈಡ್ರೈಡ್ ಅದರೊಂದಿಗೆ ಪ್ರತಿಕ್ರಿಯಿಸುತ್ತದೆ.

ನಿಕ್ಕಲ್ ಬೆರೆಸಿ, ಆದರೆ ಸುಮ್ಮನೆ ಕಲಸಿದರೆ ಸಾಲದು. ಮೆಗ್ನೀಸಿಯಂ ಜೊತೆ ಸೇರಿ ಅದು ಎರಡು ಮೆಗ್ನೀಸಿಯಂಗೆ ಒಂದು ನಿಕ್ಕಲ್‌ನ ಸಂಯುಕ್ತವಾಗುತ್ತದೆ. ಇದು ಹಿಡಿಯುವುದು ಶೇ. 3.6 ಮಾತ್ರ, ಹಾಗಾಗಿ ಒಟ್ಟು ಸಾಮರ್ಥ್ಯ ಇಳಿಯುತ್ತದೆ. ಲಾಭವಿರುವುದು ಎರಡೂ ಸೇರುವ ಅಂಚಿನಲ್ಲಿ: ಅಲ್ಲಿಂದ ಹೈಡ್ರೋಜನ್ ಒಳನುಗ್ಗುತ್ತದೆ, ಹೊಸ ಹೈಡ್ರೈಡ್ ಮೊಳೆಯಲೂ ಅಲ್ಲೇ ಜಾಗ. ಹೈಡ್ರೋಜನ್ ಬಿಡುಗಡೆಯ ವೇಳೆ ಈ ನಿಕ್ಕಲ್ ಸಂಯುಕ್ತದ ಹೈಡ್ರೈಡ್ ಮೊದಲು ಖಾಲಿಯಾಗಿ ಕುಗ್ಗುತ್ತದೆ. ಆ ಎಳೆತ ಪಕ್ಕದ ಮೆಗ್ನೀಸಿಯಂ ಹೈಡ್ರೈಡ್ ಅನ್ನು ಸಡಿಲಿಸುತ್ತದೆ. ಆದ್ದರಿಂದ ನಿಕ್ಕಲ್ ಎಷ್ಟು ಎಂಬುದಕ್ಕಿಂತ ಅಂಚು ಎಷ್ಟು ಉದ್ದ, ಎಷ್ಟು ಹತ್ತಿರ ಹತ್ತಿರ ಎಂಬುದು ಮುಖ್ಯ. ಅರ್ಗಾನ್ ತುಂಬಿದ ಗಿರಣಿಯಲ್ಲಿ ಉಕ್ಕಿನ ಚೆಂಡುಗಳಿಂದ ಗಂಟೆಗಟ್ಟಲೆ ಅರೆಯುವುದು ಇದಕ್ಕಾಗಿಯೇ. ನಯೋಬಿಯಂ ಆಕ್ಸೈಡ್ ಇನ್ನೂ ಮಿತವ್ಯಯಿ: ಜರ್ಮನಿಯ ಗೇಸ್ಟಾಖ್ಟ್‌ನ ಸಂಶೋಧಕರು 2003ರಲ್ಲಿ ಅದನ್ನು ಮೋಲ್ ಲೆಕ್ಕದಲ್ಲಿ ಶೇ. 1ಕ್ಕಿಂತ ಕಡಿಮೆ ಬೆರೆಸಿಯೇ 300 ಡಿಗ್ರಿಯಲ್ಲಿ ಭಾರೀ ವೇಗ ತೋರಿಸಿದರು.

ಮರುಪ್ರಶ್ನೆ: ಹಾಗಾದರೆ ಅಂಚುಗಳನ್ನು ಹೆಚ್ಚಿಸುತ್ತಾ ಹೋದರೆ ಕೋಣೆಯ ಉಷ್ಣತೆಯಲ್ಲೇ ಹೈಡ್ರೋಜನ್ ಹೊರಬರುತ್ತದೆಯೇ?

ಉತ್ತರ: ಇಲ್ಲ. ಇಲ್ಲಿಯೇ ಅನೇಕರು ಎಡವುತ್ತಾರೆ. ಅಂಚು ದಾರಿಯನ್ನು ಚುರುಕುಗೊಳಿಸುತ್ತದೆ, ಬಂಧದ ಬಲವನ್ನು ಅಷ್ಟಾಗಿ ಬದಲಿಸುವುದಿಲ್ಲ. ಪ್ರತಿ ಮೋಲ್ ಹೈಡ್ರೋಜನ್ ಹೊರತೆಗೆಯಲು ಸುಮಾರು 75 ಕಿಲೋಜೌಲ್ ಶಾಖ ಕೊಡಲೇಬೇಕು, ಅಂದರೆ ಅದನ್ನು ಉರಿಸಿದಾಗ ಸಿಗುವ ಶಕ್ತಿಯ ಹತ್ತಿರಹತ್ತಿರ ಮೂರನೇ ಒಂದು ಪಾಲು. ಕಣ ಕೆಲವೇ ನ್ಯಾನೋಮೀಟರ್‌ಗೆ ಇಳಿದರೆ ಮಾತ್ರ ಈ ಲೆಕ್ಕ ಗಮನಾರ್ಹವಾಗಿ ಸಡಿಲವಾಗುತ್ತದೆ. ಅಂಥ ಕಣಗಳೋ, ಬಿಸಿಯಲ್ಲಿ ಒಂದಕ್ಕೊಂದು ಬೆಸೆದುಕೊಳ್ಳಲು ಹಾತೊರೆಯುತ್ತವೆ. ನೀವು ಮೊದಲ ಆವರ್ತದ (ಒಮ್ಮೆ ಹೀರಿ ಬಿಡುವ ಸುತ್ತಿನ) ವೇಗವನ್ನಷ್ಟೇ ಬರೆದಿಡದೆ, ಐವತ್ತನೆಯ ಆವರ್ತದಲ್ಲೂ ಒಮ್ಮೆ ಕಣವನ್ನು ಅಡ್ಡಕೊಯ್ದು ನೋಡಿ.