ಪ್ರಶ್ನೋತ್ತರ: ಸ್ಟೇನ್‌ಲೆಸ್ ಬಂದೂಕಿನ ಮೇಲೆ ಕೈಕೆತ್ತನೆ

ಕೆತ್ತನೆಗಾರ: ಸ್ಟೇನ್‌ಲೆಸ್ ಪಿಸ್ತೂಲು, ರಿವಾಲ್ವರ್‌ಗಳ ಮೇಲೆ ಬಳ್ಳಿ, ಎಲೆ, ಹೂವು ಕೆತ್ತೋದು ನನ್ನ ವೃತ್ತಿ. ಇವತ್ತು ಕೇಳಿ, ಕೆಲಸದ ನಡುವೆ ಉತ್ತರಿಸ್ತೀನಿ. ಉಕ್ಕಿನ ಗ್ರೇಡ್ ಗೊತ್ತಿದ್ರೆ ಅದನ್ನೂ ಬರೀರಿ.

ಹೊಸಗೈ: ನಮಸ್ತೆ ಸರ್. ಹಿತ್ತಾಳೆ ಮೇಲೆ ಸರಾಗವಾಗಿ ಓಡೋ ಗ್ರೇವರ್ (ಲೋಹ ಕೆತ್ತೋ ಚೂಪು ಸಲಕರಣೆ) ಸ್ಟೇನ್‌ಲೆಸ್ ಮೇಲೆ ಎರಡು ಗೆರೆ ಎಳೆಯೋದ್ರೊಳಗೆ ಮೊನೆ ಮುರ್ಕೊಳ್ಳುತ್ತೆ. ಯಾಕೆ?

ಕೆತ್ತನೆಗಾರ: ಹಿತ್ತಾಳೆಗೆ ಮಸೆದ ಮೊನೆ ಇದಕ್ಕೆ ತೀರಾ ತೆಳು. ಮುಖದ ಕೋನ 45 ಡಿಗ್ರಿ ಇದ್ರೆ 50ರಿಂದ 55ಕ್ಕೆ ತನ್ನಿ. ಹೀಲ್, ಅಂದ್ರೆ ಮೊನೆಯ ಅಡಿಗೆ ಮಸೆಯೋ ಸಣ್ಣ ಇಳಿಜಾರು, 15ರಿಂದ 20 ಡಿಗ್ರಿ ಇರಲಿ, ಅದರ ಉದ್ದ ಮಾತ್ರ ತೀರಾ ಗಿಡ್ಡ ಇರಲಿ. ಕಾರ್ಬೈಡ್ ಮೊನೆ ಗಟ್ಟಿ, ಆದ್ರೆ ಪಕ್ಕಕ್ಕೆ ತಿರುಚಿದ್ರೆ ತಡೆಯಲ್ಲ. ಗೆರೆ ಮುಗಿಸಿ ಚೂರು ಎಬ್ಬಿಸೋಕೆ ಕೈ ಮೇಲೆತ್ತಿದಾಗಲೇ ಹೆಚ್ಚಿನ ಮೊನೆಗಳು ಹೋಗೋದು. ಮುರಿದಿದ್ದು ಕಣ್ಣಿಗೆ ಕಾಣಲ್ಲ. ಮೊನೆಯನ್ನ ಹೆಬ್ಬೆರಳಿನ ಉಗುರಿಗೆ ಓರೆಯಾಗಿ ತಾಗಿಸಿ, ಕಚ್ಚಿ ನಿಲ್ಲಬೇಕು. ಜಾರಿದ್ರೆ ಆ ಕ್ಷಣ ನಿಲ್ಲಿಸಿ, ಮಸೆಯಿರಿ. ಮೊಂಡು ಮೊನೆ ಲೋಹ ಕೊಯ್ಯೋದಿಲ್ಲ, ಉಜ್ಜುತ್ತೆ. ಉಜ್ಜಿದ ಜಾಗ ಇನ್ನಷ್ಟು ಗಡಸಾಗುತ್ತೆ. 304 ಗ್ರೇಡ್ ಸ್ಟೇನ್‌ಲೆಸ್‌ನಲ್ಲಿ ಇದು ವಿಪರೀತ. ಬಂದೂಕಿಗೆ ಬಳಸೋ 416, 17-4 ಗ್ರೇಡ್‌ಗಳಲ್ಲಿ ಅಷ್ಟಿಲ್ಲ, ಆದ್ರೂ ಕೈಗೆ ಗೊತ್ತಾಗುತ್ತೆ.

ಬಳ್ಳಿಸುರುಳಿ: ಗ್ರೇವರ್ ಕೋನ ಎಷ್ಟಿರಬೇಕು ಸರ್?

ಕೆತ್ತನೆಗಾರ: ಮೇಲಿದೆ.

ಎಡಗೈ: ಎಡಗೈಯವರಿಗೆ ವೈಸ್ (ಕೆತ್ತೋ ತುಂಡನ್ನ ಹಿಡಿದಿಡೋ ಸಲಕರಣೆ) ತಿರುಗಿಸೋ ದಿಕ್ಕು ಬದಲಾಗುತ್ತಾ?

ಹಳೇಸ್ಲೈಡ್: ಅಣ್ಣಾ, ಒಂದು ತಪ್ಪಾಗಿದೆ ಅನ್ಸುತ್ತೆ. ಪಿಸ್ತೂಲಿನ ಸ್ಲೈಡ್ (ಮೇಲ್ಗಡೆ ಹಿಂದೆ ಮುಂದೆ ಓಡೋ ಭಾಗ) ಗಟ್ಟಿ ಅಂತ, ಗ್ರೂಪಿನಲ್ಲಿ ಬಂದ ಫಾರ್ವರ್ಡ್ ನೋಡಿ ಗ್ಯಾಸ್ ಟಾರ್ಚ್‌ನಲ್ಲಿ ಕಾಯಿಸಿದೆ. "ಕೆಂಪಾಗೋವರೆಗೆ ಕಾಯಿಸಿ ಗಾಳಿಗೆ ಬಿಡಿ, ಬೆಣ್ಣೆ ಥರ ಆಗುತ್ತೆ" ಅಂತಿತ್ತು. ಒಂದು ಮೂಲೆ ಮಂಕು ಕೆಂಪಾಯ್ತು, ಸುತ್ತ ನೀಲಿ. ಈಗ ಆ ಮೂಲೇಲಿ ಗ್ರೇವರ್ ಜಾರ್ತಿದೆ. ಬಣ್ಣ ಪಾಲಿಶ್ ಮಾಡಿ ತೆಗೆದು ಜೋಡಿಸಬಹುದಾ?

ಕೆತ್ತನೆಗಾರ: ಜೋಡಿಸಬೇಡಿ. ಗುಂಡಂತೂ ಹಾರಿಸಲೇಬೇಡಿ. ಪಾಲಿಶ್ ಕೂಡ ಬೇಡ. ಶಾಖ ಎಲ್ಲೀವರೆಗೆ ಹೋಗಿದೆ ಅಂತ ಹೇಳೋ ಗುರುತು ಈಗ ಆ ಬಣ್ಣ ಒಂದೇ.

ಆ ಫಾರ್ವರ್ಡ್ ಬರೆದವರಿಗೆ ಉಕ್ಕು ಗೊತ್ತಿಲ್ಲ. 416 ಥರದ ಸ್ಟೇನ್‌ಲೆಸ್ ಗಾಳಿಯಲ್ಲೇ ಗಡಸಾಗೋ ಜಾತಿ. ಚೆನ್ನಾಗಿ ಕೆಂಪೇರಿಸಿ ಗಾಳಿಗೆ ಬಿಟ್ರೆ ಮೆತ್ತಗಾಗಲ್ಲ, ಗಡಸಾಗಿ ಪೆಡಸಾಗುತ್ತೆ. ನಿಮ್ಮ ಮೂಲೆ ಜಾರ್ತಿರೋದು ಅದಕ್ಕೇ ಇರಬಹುದು. ಅಷ್ಟು ಕಾಯದ ನೀಲಿ ಭಾಗದ ತೊಂದರೆ ಬೇರೆ: ಈ ಉಕ್ಕುಗಳು ಸುಮಾರು 400ರಿಂದ 580 ಡಿಗ್ರಿ ಸೆಲ್ಸಿಯಸ್ ನಡುವೆ ಕಾದ್ರೆ ಪೆಟ್ಟು ತಾಳೋ ಗುಣ ಕಳ್ಕೊಳ್ತವೆ. ನೀಲಿ ಅಂದ್ರೆ 300 ಡಿಗ್ರಿ ಅಂತ ಲೆಕ್ಕ ಹಾಕಬೇಡಿ. ಅದು ಮಾಮೂಲಿ ಉಕ್ಕಿನ ಲೆಕ್ಕ. ಸ್ಟೇನ್‌ಲೆಸ್ ನೀಲಿಯಾಗೋಕೆ ಅದಕ್ಕಿಂತ ಬಹಳ ಶಾಖ ಬೇಕು. 17-4 ಆಗಿದ್ರೆ ಕಥೆ ಇನ್ನೊಂದು. ಅದರ ಪೂರ್ತಿ ಗಡಸುತನ 482 ಡಿಗ್ರಿಯಲ್ಲಿ ಹದ ಮಾಡಿ ತಂದದ್ದು, ಅದನ್ನ ದಾಟಿದ್ರೆ ಮೆತ್ತಗಾಗ್ತಾ ಹೋಗುತ್ತೆ. ಅಂದ್ರೆ ಒಂದೇ ಸ್ಲೈಡಿನಲ್ಲಿ ಈಗ ಎರಡು ಮೂರು ಥರದ ಹದ ಇದೆ. ಪ್ರತಿ ಗುಂಡಿಗೂ ಆ ಸ್ಲೈಡ್ ಹಿಂದಕ್ಕೆ ಬಡಿಯೋದು ನಿಮ್ಮ ಮುಖದ ಮುಂದೆ.

ಪರವಾನಗಿ ಇರೋ ಬಂದೂಕು ರಿಪೇರಿಯವರಿಗೆ ತೋರಿಸಿ, ಕಾಯಿಸಿದ್ದನ್ನ ಮುಚ್ಚಿಡದೆ ಹೇಳಿ. ನನ್ನ ಕೈಗೆ ಬಂದಿದ್ರೆ ಸ್ಲೈಡನ್ನೇ ಬದಲಿಸಿ ಅಂತಿದ್ದೆ. ಯಾವ ಗ್ರೇಡ್ ಅಂತ ಎಲ್ಲಾದ್ರೂ ಬರೆದಿದೆಯಾ?

ಹಳೇಸ್ಲೈಡ್: ಎಲ್ಲೂ ಬರೆದಿಲ್ಲ ಅಣ್ಣಾ. ಈಗಲೇ ಎತ್ತಿಟ್ಟೆ.

ಲೇತ್‌ಬಂಧು: ಅಷ್ಟು ಹೆದರಿಸಬೇಡಿ ಸರ್. ಕಾಯಿಸೋದು ಬೇಡ ಅಂದ್ರೆ ಟಾಯ್ಲೆಟ್ ಆಸಿಡ್‌ಗೆ ಸ್ವಲ್ಪ ಬ್ಲೀಚ್ ಬೆರೆಸಿ ಹಚ್ಚಿದ್ರೆ ಮೇಲ್ಪದರ ಸಡಿಲ ಆಗುತ್ತಂತೆ. ನಮ್ಮ ಇನ್ನೊಂದು ಗ್ರೂಪಿನಲ್ಲಿ ಬಂದಿತ್ತು.

ಕೆತ್ತನೆಗಾರ: ಅದನ್ನ ಬೆರೆಸಿದ್ರೆ ಬರೋದು ಕ್ಲೋರಿನ್ ಅನಿಲ. ಶ್ವಾಸಕೋಶ ಸುಡುತ್ತೆ, ಮುಚ್ಚಿದ ಕೋಣೆಯಾದ್ರೆ ಜೀವ ಹೋಗುತ್ತೆ. ಸ್ಟೇನ್‌ಲೆಸ್‌ಗೆ ಕ್ಲೋರೈಡ್ ಶತ್ರು, ಅಲ್ಲಲ್ಲಿ ಗುಳಿ ಬೀಳುತ್ತೆ. ಅಡ್ಮಿನ್, ಆ ಮೆಸೇಜ್ ದಯವಿಟ್ಟು ಅಳಿಸಿ. ಪ್ರಯೋಗ ಮಾಡದ್ದನ್ನ ಇಲ್ಲಿ ಹಂಚಬೇಡಿ.

ಲೇತ್‌ಬಂಧು: ನಾನು ಕೇಳಿದ್ದನ್ನ ಹೇಳಿದೆ ಅಷ್ಟೇ.

ಕೆತ್ತನೆಗಾರ: ಹಳೇಸ್ಲೈಡ್ ಅವರೂ ಕೇಳಿದ್ದನ್ನೇ ಮಾಡಿದ್ದು.

ಬೆಳ್ಳಿಕುಸುರಿ: ಗಾಳಿ ಒತ್ತಡದಿಂದ ಗ್ರೇವರನ್ನ ತಾನೇ ಬಡಿಯೋ ಹ್ಯಾಂಡ್‌ಪೀಸ್‌ನಲ್ಲಿ ಕೆತ್ತೋದನ್ನ ಕೈಕೆತ್ತನೆ ಅನ್ನೋದೇ ಸುಳ್ಳು. ಸುತ್ತಿಗೆ, ಉಳಿ ಹಿಡಿದವರು ಕೆತ್ತನೆಗಾರರು. ಉಳಿದದ್ದು ಯಂತ್ರ.

ಚಿತ್ತಾರ: ಇಟಲಿಯ ಗಾರ್ದೋನೆ ವಾಲ್ ಟ್ರೊಂಪಿಯಾದವರು ಬುಲಿನೋ ಕೆಲಸವನ್ನ (ಸಣ್ಣ ಗೆರೆ, ಚುಕ್ಕೆಗಳ ನವಿರು ಕೆತ್ತನೆ) ಬರೀ ಅಂಗೈ ಒತ್ತಿ ಮಾಡ್ತಾರೆ, ಸುತ್ತಿಗೆ ಮುಟ್ಟಲ್ಲ. ಅದೂ ಕೈಕೆಲಸ ಅಲ್ವಾ ಹಾಗಾದ್ರೆ?

ಬೆಳ್ಳಿಕುಸುರಿ: ಅದಕ್ಕೆ ಏರ್ ಕಂಪ್ರೆಸರ್ ಇರಲ್ಲವಲ್ಲ!

ಚಿತ್ತಾರ: ಗೆರೆ ಎತ್ತ ತಿರುಗಬೇಕು ಅಂತ ಕಂಪ್ರೆಸರ್ ಹೇಳುತ್ತಾ? ಮೊದಲು ನೀವು ಕೆತ್ತಿದ ಒಂದು ಸ್ಕ್ರೋಲ್ (ಬಳ್ಳಿಸುರುಳಿ) ಫೋಟೋ ಹಾಕಿ, ಆಮೇಲೆ ಮಾತಾಡಿ.

ಬೆಳ್ಳಿಕುಸುರಿ: ನಿಮಗೆ ತೋರಿಸೋ ಅಗತ್ಯ ನನಗಿಲ್ಲ.

ಹೊಸಗೈ: ಇಬ್ರೂ ಬೇರೆ ಕಡೆ ಜಗಳ ಮಾಡಿ ಪ್ಲೀಸ್. ಸರ್, ಕೆತ್ತಿದ ಗೆರೆಯೊಳಗೆ ತುಕ್ಕು ಕಾಣ್ತಿದೆ. ಸ್ಟೇನ್‌ಲೆಸ್‌ಗೆ ತುಕ್ಕು ಹೇಗೆ?

ಕೆತ್ತನೆಗಾರ: ಮಾಮೂಲಿ ಉಕ್ಕಿನ ಬ್ರಶ್ಶೋ ಸ್ಟೀಲ್ ವೂಲೋ ಹಾಕಿ ಉಜ್ಜಿರ್ತೀರಿ. ಅದರ ಕಣ ಗೆರೆಯಲ್ಲಿ ಕೂತು ತುಕ್ಕು ಹಿಡಿಯುತ್ತೆ. ನೈಲಾನ್ ಬ್ರಶ್ ಬಳಸಿ. ಕೊನೆಗೆ ಎಣ್ಣೆ ಪೂರ್ತಿ ತೊಳೆದು ಸಿಟ್ರಿಕ್ ಆಮ್ಲದಲ್ಲಿ ಪ್ಯಾಸಿವೇಶನ್ (ಮೇಲ್ಮೈಯ ಕಬ್ಬಿಣದ ಕಣ ತೆಗೆದು ತುಕ್ಕು ತಡೆಯೋ ಪದರ ಕೂರಿಸೋದು) ಮಾಡಿಸಿ. 416ರಲ್ಲಿ ಗಂಧಕ ಇರೋದ್ರಿಂದ ಕೊಯ್ಯೋಕೆ ಹಿತ, ತುಕ್ಕಿಗೆ ಅಷ್ಟೇ ಸುಲಭದ ತುತ್ತು.

ಬಂಗಾರಗೆರೆ: ಸ್ಟೇನ್‌ಲೆಸ್‌ನಲ್ಲಿ ಚಿನ್ನದ ತಂತಿ ಕೂರಿಸಬಹುದಾ?

ಎಡಗೈ: ನನ್ನ ಪ್ರಶ್ನೆ ಯಾರೂ ನೋಡ್ಲಿಲ್ಲ.

ಲೇತ್‌ಬಂಧು: ಸೀರಿಯಲ್ ನಂಬರ್ ಬಳ್ಳಿಗೆ ಅಡ್ಡ ಬರ್ತಿದೆ. ಸ್ವಲ್ಪ ಉಜ್ಜಿ ಪಕ್ಕದಲ್ಲಿ ಚೆಂದದ ಅಕ್ಷರದಲ್ಲಿ ಕೆತ್ತಿದ್ರೆ?

ಕೆತ್ತನೆಗಾರ: ಮುಟ್ಟಬೇಡಿ. ಸೀರಿಯಲ್ ನಂಬರ್, ಪ್ರೂಫ್ ಗುರುತು (ಬಂದೂಕು ಪರೀಕ್ಷೆ ಪಾಸಾಯ್ತು ಅಂತ ಒತ್ತೋ ಮುದ್ರೆ) ಒಂದು ಗೆರೆಯೂ ಮಸುಕಾಗಬಾರದು. ಅದು ಅಪರಾಧ, ಚೆಂದದ ಪ್ರಶ್ನೆಯಲ್ಲ. ಬಳ್ಳಿಯನ್ನ ಅದರ ಸುತ್ತ ತಿರುಗಿಸಿ. ನಂಬರಿಗೆ ಒಂದು ಚೌಕಟ್ಟು ಬಿಟ್ಟು ಎಲೆ ಬರೆಯೋದೇ ವಿನ್ಯಾಸದ ಕೆಲಸ.

ಲೇತ್‌ಬಂಧು: ಕೇಳಿದ್ರೂ ಬೈಸ್ಕೋಬೇಕಾ?

ಕೆತ್ತನೆಗಾರ: ಈ ವಿಷಯಕ್ಕೆ ಹೌದು.

ಬಳ್ಳಿಸುರುಳಿ: ಸರ್, ಹೀಲ್ ಎಷ್ಟು ಡಿಗ್ರಿ ಅಂದ್ರಿ?

ಕೆತ್ತನೆಗಾರ: ಮೇಲಿದೆ, ಓದಿ.